ಅತ್ತೂರು: ಬಂದವರೆಲ್ಲ ನೆಂಟರು

ಜನವರಿ ಕೊನೆಯ ವಾರ. ಕಾರ್ಕಳದ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳು ‘ಅತ್ತೂರು, ಅತ್ತೂರು’ ಎಂದು ಕೂಗುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತ ಹಿರಿಯರ ಹಣೆಯಲ್ಲಿ ಗಂಧದ ಬೊಟ್ಟು, ಮಡಿಲಲ್ಲಿ ಮೇಣದಬತ್ತಿಯ ಕಟ್ಟು. ಮೊಮ್ಮಗಳ ಜ್ವರ ಇಳಿದರೆ ಬರುತ್ತೇನೆಂದು ಹರಕೆ ಹೊತ್ತಿದ್ದರಂತೆ. “ಅಜ್ಜಿಯ ಕಾಲದಿಂದಲೂ ನಾವು ಸಾಂತ್‌ಮಾರಿ ತಪ್ಪಿಸಿದ್ದಿಲ್ಲ ಮಾರಾಯ್ರೆ” ಎಂದರು. ಅತ್ತೂರು ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಕರಾವಳಿಯ ಜನ ಇಟ್ಟುಕೊಂಡ ಹೆಸರು ಸಾಂತ್‌ಮಾರಿ.

ಕಾರ್ಕಳ ಪೇಟೆಯಿಂದ ನಿಟ್ಟೆಯ ಕಡೆಗೆ ಕೆಲವೇ ಕಿಲೋಮೀಟರು ಹೋದರೆ ಪರ್ಪಲೆ ಗುಡ್ಡ. ಅದರ ಬುಡದಲ್ಲಿ ಸಂತ ಲಾರೆನ್ಸರ ಬಸಿಲಿಕಾ. ದಾರಿಯ ಎರಡೂ ಬದಿ ಬಳೆ, ಆಟಿಕೆ, ಚುರುಮುರಿ, ಕಬ್ಬಿನ ರಾಶಿ. ಒಂದು ಅಂಗಡಿಯಲ್ಲಿ ಮೇಣದಬತ್ತಿ ಕೊಂಡೆ. “ಬಾಯಮ್ಮ, ಇದನ್ನು ಒಪ್ಪಿಸುವ ಕ್ರಮ ಹೇಗೆ? ನಾನು ನಿಮ್ಮ ಧರ್ಮದವನಲ್ಲ” ಎಂದೆ. ಆಕೆ ಚಿಲ್ಲರೆ ಎಣಿಸುತ್ತಲೇ ಹೇಳಿದರು: “ಮನೆಯಲ್ಲಿ ಹೇಗೆ ಕೈ ಮುಗಿಯುತ್ತೀರೋ ಹಾಗೇ ಮುಗಿಯಿರಿ. ಸಾಕು.”

ಒಳಗೆ ಕೊಂಕಣಿಯಲ್ಲಿ ಬಲಿಪೂಜೆ ನಡೆದಿತ್ತು. ಮಲ್ಲಿಗೆ ಮುಡಿದವರು, ಬುರ್ಖಾ ತೊಟ್ಟವರು, ಜಪಮಾಲೆ ಹಿಡಿದವರು ಒಂದೇ ಸಾಲಿನಲ್ಲಿ ಸಂತನ ಮೂರ್ತಿಯತ್ತ ಸರಿಯುತ್ತಿದ್ದರು. ಯಾರು ಎತ್ತ ಎಂದು ಕೇಳುವವರಿಲ್ಲ.

ಈ ಇಗರ್ಜಿಯ ಹುಟ್ಟು 1759ರಷ್ಟು ಹಿಂದಿನದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಕಚ್ಚಿದವು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕುಳಿದವರು ಬರಿಗೈಯಲ್ಲಿ ಮರಳಿದರು; ಹುಟ್ಟಿದ ಊರಿನಲ್ಲೇ ಅವರಿಗೆ ಸೂರಿಲ್ಲ. ಹೊಸ ಜಾಗ ಹುಡುಕುತ್ತಾ ಮರದ ಮೂರ್ತಿಯನ್ನು ಹೊತ್ತು ನಡೆದವರು ಈ ಗುಡ್ಡದ ಬುಡದ ಒರತೆಯ ಬಳಿ ಅದನ್ನು ಇಳಿಸಿ ದಣಿವಾರಿಸಿಕೊಂಡರಂತೆ. ಮತ್ತೆ ಎತ್ತಲು ಹೋದರೆ ಮೂರ್ತಿ ಕದಲಲಿಲ್ಲ ಎಂಬುದು ಇಲ್ಲಿನ ಐತಿಹ್ಯ. ಆ ನೀರಿನ ಪುಷ್ಕರಿಣಿಗೆ ಭಕ್ತರು ಇಂದೂ ಇಳಿಯುತ್ತಾರೆ. 2016ರಲ್ಲಿ ಬಸಿಲಿಕಾ ಎಂಬ ಗೌರವ ಬಂತು. ನನ್ನ ಮನಸ್ಸು ಮಾತ್ರ ಆ ಬರಿಗೈಯವರ ಸುತ್ತಲೇ ಸುತ್ತುತ್ತಿತ್ತು. ನೆಲೆ ಕಳೆದುಕೊಂಡು ನೊಂದವರು ಕಟ್ಟಿದ ಮನೆಗೆ ಬಾಗಿಲು ಹಾಕುವ ಮನಸ್ಸು ಎಲ್ಲಿಂದ ಬಂದೀತು?

ಅವರು ಹೊತ್ತು ತಂದ ಸಂತನೂ ಅಂಥವನೇ. ಲಾರೆನ್ಸ್ 3ನೇ ಶತಮಾನದ ರೋಮ್‌ನಲ್ಲಿ ಡೀಕನ್ ಆಗಿದ್ದ. ಧರ್ಮಸಭೆಯ ಹಣಕಾಸು, ಬಡವರ ಪಾಲನೆ ಅವನ ಕೈಯಲ್ಲಿತ್ತು. ಚಕ್ರವರ್ತಿ ವಲೇರಿಯನ್‌ನ ಕಾಲದಲ್ಲಿ ಅಧಿಕಾರಿ ‘ಧರ್ಮಸಭೆಯ ಸಂಪತ್ತು ತಂದೊಪ್ಪಿಸು’ ಎಂದನಂತೆ. ಲಾರೆನ್ಸ್ ಇದ್ದುದನ್ನೆಲ್ಲ ಹಂಚಿ, ಕುರುಡರು, ಕುಂಟರು, ವಿಧವೆಯರು, ದಿಕ್ಕಿಲ್ಲದವರನ್ನು ಕರೆತಂದು ‘ಇವರೇ ಆ ಸಂಪತ್ತು’ ಎಂದು ನಿಲ್ಲಿಸಿದ ಎನ್ನುತ್ತದೆ ಪರಂಪರೆ. 258ರಲ್ಲಿ ಪ್ರಾಣ ತೆತ್ತ.

ಆ ಸಂಪತ್ತು ಅಂದು ಹೊರಗಿನ ದಾರಿಯ ಅಂಚಿನಲ್ಲೇ ಕುಳಿತಿತ್ತು. ಹಬ್ಬಕ್ಕೆ ದೂರದೂರದಿಂದ ಬಂದ ಭಿಕ್ಷುಕರ ಉದ್ದನೆಯ ಸಾಲು, ಮುಂದೆ ಹಾಸಿದ ಬಟ್ಟೆ. ನಾನೂ ನಾಣ್ಯ ಹಾಕುತ್ತಾ ನಡೆದೆ, ಒಬ್ಬರ ಮುಖವನ್ನೂ ನೋಡದೆ. ಸ್ವಲ್ಪ ಮುಂದೆ ಬಸ್ಸಿನ ಆ ಹಿರಿಯರು ಒಬ್ಬ ಕಣ್ಣು ಕಾಣದ ಮುದುಕರ ಎದುರು ಕುಕ್ಕರುಗಾಲಲ್ಲಿ ಕುಳಿತಿದ್ದರು.

“ಊಟ ಆಯ್ತಾ?”

“ಇನ್ನೂ ಇಲ್ರೀ.”

ಎದ್ದು ಹೋಗಿ ಅನ್ನದ ಪೊಟ್ಟಣ ತಂದು, ಬಿಚ್ಚಿ, ಮುದುಕರ ಕೈ ಹಿಡಿದು ಎಲ್ಲಿ ಅನ್ನ, ಎಲ್ಲಿ ಪಲ್ಯ ಎಂದು ಮುಟ್ಟಿಸಿ ತೋರಿಸಿದರು. ಅವರು ಎರಡು ತುತ್ತು ಉಂಡ ಮೇಲೆಯೇ ಕೇಳಿದ್ದು: “ಯಾವ ಊರು ನಿಮ್ಮದು?”

“ಗದಗ ಕಡೀರಿ.”

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸು ಹಸಿದವನಲ್ಲಿ, ಪರದೇಶಿಯಲ್ಲಿ ತನ್ನನ್ನೇ ಕಾಣಿರೆಂದು ಕಲಿಸುತ್ತಾನೆ. ಹಣೆಗೆ ಗಂಧವಿಟ್ಟ ಈ ಹಿರಿಯರು ಆ ಅಧ್ಯಾಯ ಓದಿದ್ದರೋ ಇಲ್ಲವೋ, ನನಗೆ ಅದರ ಅರ್ಥ ತಿಳಿಸಿಕೊಟ್ಟರು. ಕೊಡುವುದಕ್ಕೆ ನಾಣ್ಯ ಸಾಕು. ಬರಮಾಡಿಕೊಳ್ಳಲು ಮಂಡಿ ಬಗ್ಗಬೇಕು.

ಸಂಜೆ ಬಸ್ಸು ತಪ್ಪಿ, ಇಗರ್ಜಿಯಿಂದ ತುಸು ದೂರದ ಒಂದು ಹಂಚಿನ ಮನೆಯ ಮುಂದೆ ನಿಂತಿದ್ದೆ. ಒಳಗಿನಿಂದ ಹಿರಿಯ ಹೆಂಗಸೊಬ್ಬರು ಕೈಬೀಸಿ ಕರೆದು ಜಗಲಿಯಲ್ಲಿ ಕೂರಿಸಿದರು. ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ತಣ್ಣನೆಯ ಬಾವಿ ನೀರು ಬಂತು. ನಾನು ಯಾರು, ಎಲ್ಲಿಯವನು ಎಂದು ಹೇಳಹೊರಟೆ.

“ಮೊದಲು ಬಾಯಾರಿಕೆ ಹೋಗಲಿ ಮಗಾ” ಎಂದರು. “ಹೆಸರು ಆಮೇಲೆ.”