ಮಾಮಂಗೆ ಮುತ್ತು ಕೊಡು ಅನ್ನೋ ಮುಂಚೆ

"ಮಾಮಂಗೆ ಒಂದು ಮುತ್ತು ಕೊಡು ಪುಟ್ಟಿ, ನಾಚ್ಕೋಬೇಡ!" ಮಗು ಅಮ್ಮನ ಸೆರಗು ಹಿಡಿದು ಹಿಂದೆ ಸರಿಯುತ್ತೆ. ನಾವು ನಗ್ತಾ ಮುಂದಕ್ಕೆ ತಳ್ತೀವಿ. ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟ 'ಇಷ್ಟ ಇಲ್ಲದಿದ್ರೆ ಬೇಡ ಅನ್ನು' ಪಾಠ ಅಲ್ಲಿಗೆ ಮುಗೀತು.

ಅಪರಿಚಿತರು ಚಾಕಲೇಟ್ ಕೊಟ್ರೆ ತಗೋಬೇಡ ಅಂತೀವಿ, ಸರಿ. ಆದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ) ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರೋರೇ. ಗಂಡುಮಕ್ಕಳಿಗೇನಾಗುತ್ತೆ ಅಂತೀರಾ? 2007ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಅಧ್ಯಯನ ನೋಡಿ: ಲೈಂಗಿಕ ದೌರ್ಜನ್ಯ ಆಗಿದೆ ಅಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು.

ಮಗು ಬಾಯಿಬಿಟ್ರೆ ಮೊದಲು ನಂಬಿ. "ಆಗ್ಲೇ ಯಾಕೆ ಹೇಳ್ಲಿಲ್ಲ?" ಅಂತ ಮಾತ್ರ ಗದರಬೇಡಿ. ಪೊಲೀಸ್ ಅಂದ್ರೆ ಭಯಾನಾ? 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನ ಮನೆಯಲ್ಲೇ ಪಡೀಬಹುದು. ಹೇಳಿಕೆ ಪಡೆಯೋ ಅಧಿಕಾರಿ ಖಾಕಿ ಹಾಕ್ಕೊಂಡು ಬರೋ ಹಾಗಿಲ್ಲ. ರಾತ್ರಿ ಹೊತ್ತು ಮಗುವನ್ನ ಠಾಣೆಯಲ್ಲಿ ಇರಿಸ್ಕೊಳ್ಳೋ ಹಾಗೂ ಇಲ್ಲ. ಇನ್ನು, ಗೊತ್ತಿದ್ದೂ ದೂರು ಕೊಡದೆ ಮುಚ್ಚಿಟ್ರೆ ಅದೇ ಅಪರಾಧ. ಮನೆ ಮರ್ಯಾದೆ ಅನ್ನೋ ನೆಪ ಅಲ್ಲಿ ನಡೆಯಲ್ಲ.

ಮಕ್ಕಳ ಸಹಾಯವಾಣಿ 1098. ಹಗಲೂ ರಾತ್ರಿ, ಉಚಿತ. ಈಗಲೇ ಸೇವ್ ಮಾಡ್ಕೊಳ್ಳಿ, ಮಗುವಿಗೂ ಬಾಯಿಪಾಠ ಮಾಡಿಸಿ.