ಕತ್ತಲೆಯಲ್ಲಿ ಕೈಗೆ ದೊರೆಯಬೇಕಾದ ಸ್ವಿಚ್ಚು

ಮನೆಯೊಳಗಿನ ದೀಪವು ಎಷ್ಟೇ ಪ್ರಖರವಾಗಿರಲಿ, ಅದನ್ನು ಹೊತ್ತಿಸುವ ಸ್ವಿಚ್ಚು ಕೈಗೆ ಸಿಕ್ಕುವವರೆಗೆ ಅದು ಇದ್ದೂ ಇಲ್ಲದಂತೆಯೇ ಸರಿ. ಹಗಲಿನಲ್ಲಿ ಯಾರೂ ಹುಡುಕದ ಈ ವಸ್ತುವನ್ನು ಹುಡುಕಬೇಕಾಗಿ ಬರುವುದು ಕಣ್ಣಿಗೆ ಏನೂ ಕಾಣದ ಹೊತ್ತಿನಲ್ಲಿಯೇ. ಆದರೆ ಅಂಗಡಿಯಲ್ಲಿ ಅದನ್ನು ಆರಿಸುವಾಗಲೂ, ಗೋಡೆಯ ಮೇಲೆ ಅದರ ಸ್ಥಳವನ್ನು ಗೊತ್ತುಮಾಡುವಾಗಲೂ ನಾವು ನೋಡುವುದು ಹಗಲಿನ ಕಣ್ಣಿನಿಂದ. ಗೋಡೆಯ ಬಣ್ಣಕ್ಕೆ ಹೊಂದುತ್ತದೆಯೇ, ನುಣುಪಾಗಿದೆಯೇ, ಬಂದವರ ಕಣ್ಣಿಗೆ ಅಂದವಾಗಿ ತೋರುತ್ತದೆಯೇ ಎಂದು ವಿಚಾರಿಸುತ್ತೇವೆಯೇ ಹೊರತು, ನಡುರಾತ್ರಿಯಲ್ಲಿ ನಿದ್ದೆಯಿಂದೆದ್ದ ಮುದುಕರೊಬ್ಬರ ಕೈಗೆ ಇದು ದೊರೆಯುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವವರು ವಿರಳ. ಮನೆ ಕಟ್ಟಿಸುವವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಅದು ಎಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಲ್ಲಿಂದ ಮುಂದೆ ಮೆಲ್ಲಮೆಲ್ಲನೆ ಮನೆಗಳನ್ನು ಹೊಕ್ಕಿತು. ಅದಕ್ಕೆ ಮುಂಚಿನ ಮನೆಗಳಲ್ಲಿ ದೀಪವಿಡುವುದಕ್ಕೆ ಗೋಡೆಯಲ್ಲಿಯೇ ಗೂಡೊಂದನ್ನು ಬಿಟ್ಟಿರುತ್ತಿದ್ದರು. ಹಣತೆಗೂ ಬುಡ್ಡಿಗೂ ಬೆಂಕಿಪೊಟ್ಟಣಕ್ಕೂ ಅದೇ ನೆಲೆಯಾದುದರಿಂದ, ಹುಟ್ಟಿ ಬೆಳೆದ ಮಕ್ಕಳಿಗೆಲ್ಲ ಕತ್ತಲೆಯಲ್ಲಿಯೂ ಕೈ ಎತ್ತ ಚಾಚಬೇಕೆಂಬುದು ತಿಳಿದಿರುತ್ತಿತ್ತು. ಮೇಲಾಗಿ ಬತ್ತಿಯನ್ನು ತಗ್ಗಿಸಿದ ಲಾಂದ್ರವೊಂದು ಮೂಲೆಯಲ್ಲಿ ಬೆಳಗಿನವರೆಗೂ ಮಿಣುಕುತ್ತಿರುವುದೂ ವಾಡಿಕೆಯಾಗಿತ್ತು. ವಿದ್ಯುತ್ತು ಮನೆಗೆ ಪರಿಪೂರ್ಣವಾದ ಬೆಳಕನ್ನು ತಂದಿತು. ಆದರೆ ತಗ್ಗಿಸಿದ ಬತ್ತಿಯ ಆ ಮಧ್ಯಮ ಸ್ಥಿತಿಯನ್ನು ತೆಗೆದುಹಾಕಿ, ಅಷ್ಟೇ ಪರಿಪೂರ್ಣವಾದ ಕತ್ತಲೆಯನ್ನೂ ತಂದಿತು. ದೀಪದ ಗೂಡಿಗಿದ್ದ ಸ್ಥಿರವಾದ ನೆಲೆಯನ್ನು ಸ್ವಿಚ್ಚಿಗೆ ಕೊಡಬೇಕಾದ ಹೊಣೆ ಆ ದಿನದಿಂದ ನಮ್ಮದಾಯಿತು.

ಸ್ವಿಚ್ಚಿನ ಚರಿತ್ರೆಯಲ್ಲಿ ಈ ಹೊಣೆಯನ್ನು ನೆನೆದವರೂ ಇದ್ದಾರೆ, ಮರೆತವರೂ ಇದ್ದಾರೆ. ಇಂಗ್ಲೆಂಡಿನ ನ್ಯೂಕಾಸಲ್ ನಗರದ ಜಾನ್ ಹೆನ್ರಿ ಹೋಮ್ಸ್ ಎಂಬ ಎಂಜಿನಿಯರು 1884ರಲ್ಲಿ, ಸಂಪರ್ಕವನ್ನು ತಟ್ಟನೆ ಕಡಿದು ಕಿಡಿಯು ನಿಲ್ಲದಂತೆ ಮಾಡುವ ಸ್ವಿಚ್ಚನ್ನು ರಚಿಸಿದಾಗ ಅವರ ಮುಂದಿದ್ದುದು ಸುರಕ್ಷಿತತೆಯ ಪ್ರಶ್ನೆ ಮಾತ್ರ. ಅನಂತರ ಅಮೆರಿಕದ ಮನೆಗಳಲ್ಲಿ ಬಳಕೆಗೆ ಬಂದ ಒತ್ತುಗುಂಡಿಯ ಸ್ವಿಚ್ಚುಗಳಲ್ಲಿ, ದೀಪ ಹೊತ್ತಿಸುವ ಗುಂಡಿಯ ನಡುವೆ ಮುತ್ತಿನ ಚಿಪ್ಪಿನ ಬಿಲ್ಲೆಯೊಂದನ್ನು ಕೂಡಿಸುತ್ತಿದ್ದರು. ಆರಿಸುವ ಗುಂಡಿಯು ಕಪ್ಪಾಗಿಯೇ ಇರುತ್ತಿತ್ತು. ಕಿಟಕಿಯಿಂದ ಬಂದ ಅಲ್ಪಸ್ವಲ್ಪ ಬೆಳಕಿನಲ್ಲಿಯೂ ಚಿಪ್ಪು ಹೊಳೆದು ಕೈಗೆ ದಾರಿ ತೋರಲು ಅದರಿಂದ ಸಾಧ್ಯವಾಯಿತು. ನಮ್ಮ ಹಳೆಯ ಮನೆಗಳ ಮರದ ಹಲಗೆಯ ಮೇಲಿನ ಕಪ್ಪು ಬೇಕಲೈಟಿನ ದುಂಡನೆಯ ಸ್ವಿಚ್ಚು ನೋಡುವುದಕ್ಕೆ ಒರಟಾಗಿದ್ದರೂ, ಗೋಡೆಯಿಂದ ಎರಡು ಬೆರಳಿನಷ್ಟು ಹೊರಕ್ಕೆ ಚಾಚಿದ್ದುದರಿಂದ ತಡವುತ್ತಿದ್ದ ಅಂಗೈಗೆ ತಾನಾಗಿಯೇ ಎಡತಾಕುತ್ತಿತ್ತು. ಇಂದಿನ ಮಾಡ್ಯುಲರ್ ಫಲಕವಾದರೋ ಗೋಡೆಗೆ ಸಮನಾಗಿ, ನುಣ್ಣಗೆ, ಎಂಟು ಗುಂಡಿಗಳೂ ಒಂದನ್ನೊಂದು ಹೋಲುವಂತೆ ನಿಂತಿರುತ್ತದೆ. ಫಲಕವು ಕೈಗೆ ಸಿಕ್ಕಿದರೂ ದೀಪದ ಗುಂಡಿ ಯಾವುದು, ಫ್ಯಾನಿನದು ಯಾವುದು ಎಂಬುದು ತಿಳಿಯದೆ ಒಂದೊಂದನ್ನೂ ಒತ್ತಿನೋಡಬೇಕಾಗುತ್ತದೆ. ಕಣ್ಣಿಗೆ ದೊರೆತ ಅಂದಕ್ಕಾಗಿ ಕೈಯ ಅನುಕೂಲವನ್ನು ನಾವು ತೆತ್ತಿದ್ದೇವೆ.

ಕತ್ತಲೆಯಲ್ಲಿ ಮನುಷ್ಯನ ಕಣ್ಣು ವರ್ತಿಸುವ ಬಗೆಯನ್ನು ಅರಿತಲ್ಲದೆ ಇದಕ್ಕೆ ಸರಿಯಾದ ಪರಿಹಾರವು ಹೊಳೆಯುವುದಿಲ್ಲ. ನಮ್ಮ ಅಕ್ಷಿಪಟಲದಲ್ಲಿ ಬಣ್ಣವನ್ನೂ ಸೂಕ್ಷ್ಮವಿವರಗಳನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷದಷ್ಟಿದ್ದರೆ, ಮಂದಪ್ರಕಾಶದಲ್ಲಿ ಕೆಲಸಕ್ಕೆ ಬರುವ ದಂಡಕೋಶಗಳು ಸುಮಾರು 12 ಕೋಟಿಯಷ್ಟಿವೆ. ಬೆಳಕಿನಿಂದ ಕತ್ತಲೆಗೆ ಬಂದಾಗ ಈ ದಂಡಕೋಶಗಳು ಪೂರ್ಣವಾಗಿ ಎಚ್ಚರಗೊಳ್ಳುವುದಕ್ಕೆ ಅರ್ಧ ಗಂಟೆಯ ಕಾಲ ಬೇಕು. ಆದುದರಿಂದ ಬೀದಿದೀಪದ ಕೆಳಗಿನಿಂದ ಬಂದು ಬಾಗಿಲು ತೆರೆಯುವವನಿಗೂ, ನಾಲ್ಕು ಗಂಟೆಗಳ ನಿದ್ದೆಯಿಂದೆದ್ದು ಬಚ್ಚಲಿಗೆ ಹೊರಡುವವನಿಗೂ ಒಂದೇ ಕತ್ತಲೆಯು ಎರಡು ಬಗೆಯಾಗಿ ತೋರುತ್ತದೆ: ಮೊದಲನೆಯವನು ಆ ಗಳಿಗೆಯಲ್ಲಿ ಕುರುಡನಂತೆಯೇ, ಎರಡನೆಯವನಿಗೆ ಅತ್ಯಲ್ಪವಾದ ಮಿಣುಕೂ ಸಾಕು. ದಂಡಕೋಶಗಳು ಹಸುರು ನೀಲಿಗಳ ಕಡೆಯ ಬೆಳಕನ್ನು ಚೆನ್ನಾಗಿ ಗುರುತಿಸುತ್ತವೆ, ಕೆಂಪನ್ನು ಬಹುಮಟ್ಟಿಗೆ ಗುರುತಿಸವು. ದೃಷ್ಟಿಯ ನಟ್ಟನಡುವಿನ ಬಿಂದುವಿನಲ್ಲಿ ಅವು ಇಲ್ಲವೇ ಇಲ್ಲವಾದ ಕಾರಣ, ಮಂಕಾದ ಗುರುತೊಂದು ನೇರವಾಗಿ ನೋಡಿದಾಗ ಮರೆಯಾಗಿ, ತುಸು ಓರೆಯಾಗಿ ನೋಡಿದಾಗ ಕಾಣಿಸಿಕೊಳ್ಳುವುದೂ ಉಂಟು.

ವಯಸ್ಸಾದಂತೆ ಪಾಪೆಯು ಕಿರಿದಾಗುತ್ತದೆ, ಕಣ್ಣಿನ ಮಸೂರವು ಹಳದಿಗಟ್ಟುತ್ತದೆ; 60 ದಾಟಿದವರ ಅಕ್ಷಿಪಟಲವನ್ನು ತಲುಪುವ ಬೆಳಕು 20ರ ತರುಣನಿಗೆ ದೊರೆಯುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ರಾತ್ರಿಯಲ್ಲಿ ಎರಡು ಮೂರು ಸಲ ಏಳಬೇಕಾಗುವುದೂ ಅವರಿಗೇ. ಜಗತ್ತಿನಲ್ಲಿ ವರ್ಷಂಪ್ರತಿ 6,84,000 ಮಂದಿ ಬಿದ್ದು ಮರಣಹೊಂದುತ್ತಾರೆಂದೂ, ಅವರಲ್ಲಿ 60 ದಾಟಿದವರ ಪಾಲೇ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಅವೆಲ್ಲವೂ ಕತ್ತಲೆಯ ಫಲವಲ್ಲ, ನಿಜ; ಆದರೆ ಹಾಸಿಗೆಗೂ ಸ್ವಿಚ್ಚಿಗೂ ನಡುವಣ ನಾಲ್ಕು ಹೆಜ್ಜೆಗಳಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ತಮ್ಮ ಬಳಗದಲ್ಲಿ ಕಾಣದವರು ನಮ್ಮಲ್ಲಿ ಕಡಮೆ.

ಹೀಗಿರಲಾಗಿ ಮೊದಲು ಸರಿಪಡಿಸಬೇಕಾದುದು ಸ್ಥಳ. ಹೊಳಪು, ಗುರುತು, ಯಂತ್ರ ಇವೆಲ್ಲ ಅನಂತರದ ಮಾತು. ಸ್ವಿಚ್ಚು ಬಾಗಿಲಿನ ತಿರುಗಣೆಯ ಪಕ್ಕದಲ್ಲಿರದೆ ಚಿಲಕದ ಪಕ್ಕದಲ್ಲಿರಬೇಕು. ಇಲ್ಲವಾದರೆ ತೆರೆದ ಬಾಗಿಲೇ ಅದನ್ನು ಮರೆಮಾಡುತ್ತದೆ. ಚೌಕಟ್ಟಿನಿಂದ ಒಂದು ಗೇಣಿನೊಳಗೆ, ಒಳಗೆ ಕಾಲಿಡುವ ಮುನ್ನವೇ ಕೈ ಚಾಚಿದರೆ ಸಿಕ್ಕುವಂತೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಎಲ್ಲ ಕೋಣೆಗಳಲ್ಲಿಯೂ ಅದು ಒಂದೇ ಎತ್ತರದಲ್ಲಿ, ಬಾಗಿಲಿನಿಂದ ಒಂದೇ ಅಂತರದಲ್ಲಿರಬೇಕು. ಏಕೆಂದರೆ ಕತ್ತಲೆಯಲ್ಲಿ ಸ್ವಿಚ್ಚನ್ನು ಹುಡುಕುವುದು ಕಣ್ಣಲ್ಲ, ಅಭ್ಯಾಸವಾದ ತೋಳು. ನಮ್ಮಲ್ಲಿ ನಾಲ್ಕು ನಾಲ್ಕೂವರೆ ಅಡಿಗಳ ಎತ್ತರದಲ್ಲಿ ಫಲಕವನ್ನು ಕೂಡಿಸುವ ರೂಢಿಯುಂಟು. ಇಂಗ್ಲೆಂಡಿನ ಕಟ್ಟಡ ನಿಯಮಾವಳಿಯ ಮಾರ್ಗದರ್ಶಿಯು ಹೊಸ ಮನೆಗಳಲ್ಲಿ ಸ್ವಿಚ್ಚುಗಳೂ ಸಾಕೆಟ್ಟುಗಳೂ ನೆಲದಿಂದ 450 ಮಿಲಿಮೀಟರಿಗೂ 1200 ಮಿಲಿಮೀಟರಿಗೂ ನಡುವೆ ಇರಬೇಕೆಂದು ಹೇಳುತ್ತದೆ. ಮೂರರಿಂದ ನಾಲ್ಕಡಿಯೊಳಗಿನ ಎತ್ತರವು ಮಕ್ಕಳಿಗೂ, ಬೆನ್ನು ಬಾಗಿದ ಅಜ್ಜಿಗೂ, ಗಾಲಿಕುರ್ಚಿಯಲ್ಲಿರುವವರಿಗೂ ಎಟುಕುವಂಥದು. ಹೊಸ ಮನೆಯವರು ಅದನ್ನೇ ಅನುಸರಿಸುವುದು ಶ್ರೇಯಸ್ಕರ.

ಒಂದು ಫಲಕದಲ್ಲಿ ಹಲವು ಗುಂಡಿಗಳಿದ್ದಾಗ, ಬಾಗಿಲಿಗೆ ಹತ್ತಿರದ ತುದಿಯಲ್ಲಿರುವುದು ಯಾವಾಗಲೂ ಕೋಣೆಯ ಮುಖ್ಯ ದೀಪದ್ದೇ ಆಗಿರಬೇಕೆಂಬ ಕಟ್ಟಳೆಯನ್ನು ಮಾಡಿಕೊಂಡರೆ ಒತ್ತಿನೋಡುವ ಕಷ್ಟವು ತಾನಾಗಿಯೇ ತಪ್ಪುತ್ತದೆ. ಮೆಟ್ಟಿಲುಗಳಿಗೂ ಉದ್ದನೆಯ ನಡುಮನೆಗೂ ಎರಡೂ ತುದಿಗಳಿಂದ ದೀಪವನ್ನು ಹೊತ್ತಿಸಲೂ ಆರಿಸಲೂ ಬರುವ ಟೂ-ವೇ ಸ್ವಿಚ್ಚು ಅತ್ಯವಶ್ಯ. ಮಲಗುವ ಕೋಣೆಯಲ್ಲಿ ಅದರ ಒಂದು ತುದಿಯು ತಲೆದಿಂಬಿನ ಪಕ್ಕದಲ್ಲಿದ್ದರೆ, ಕತ್ತಲೆಯಲ್ಲಿ ನಡೆಯಬೇಕಾದ ಪ್ರಸಂಗವೇ ಬಾರದು. ಬಚ್ಚಲಿನ ಸ್ವಿಚ್ಚು ನೀರಿನಿಂದ ದೂರವಾಗಿ ಹೊರಗಿರುವುದು ಉಚಿತವೇ ಸರಿ. ಆದರೆ ಗೀಸರಿನ ಸ್ವಿಚ್ಚಿನೊಡನೆ ಅದು ಬೆರೆತುಹೋಗದಂತೆ ನೋಡಿಕೊಳ್ಳಬೇಕು.

ಸ್ಥಳವು ಸರಿಯಾದ ಮೇಲೆ ಗುರುತಿನ ವಿಚಾರ. 1898ನೆಯ ವರ್ಷವು ಇದಕ್ಕೆ ಎರಡು ವಸ್ತುಗಳನ್ನು ಒದಗಿಸಿತು: ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆಯೂ ಮಾರಿಸ್ ಟ್ರಾವರ್ಸರೂ ನಿಯಾನ್ ಅನಿಲವನ್ನು ಕಂಡುಹಿಡಿದರು, ಪ್ಯಾರಿಸ್ಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದರು. ಅಮೆರಿಕದ ಡೇನಿಯಲ್ ಮೆಕ್‌ಫಾರ್ಲನ್ ಮೂರ್ 1917ರಲ್ಲಿ ರಚಿಸಿದ ಪುಟ್ಟ ನಿಯಾನ್ ದೀಪವೇ ಇಂದು ಅನೇಕ ಸ್ವಿಚ್ಚುಬೋರ್ಡುಗಳಲ್ಲಿ ಕೆಂಪಗೆ ಮಿನುಗುವ ಇಂಡಿಕೇಟರಿನ ಪೂರ್ವಜ. ನಮ್ಮ ಎಲೆಕ್ಟ್ರಿಶಿಯನ್ನರು ಇದನ್ನು ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ನಡುವೆ ಕೂಡಿಸುತ್ತಾರೆ; ಆಗ ಕರೆಂಟು ಇರುವವರೆಗೂ ಅದು ಉರಿಯುತ್ತಲೇ ಇರುತ್ತದೆ. ಇದನ್ನೇ ಸ್ವಿಚ್ಚಿನ ಎರಡು ತುದಿಗಳಿಗೆ ಅಡ್ಡಲಾಗಿ ಕೂಡಿಸಿದರೆ, ಕೋಣೆಯ ದೀಪ ಆರಿದಾಗ ಮಾತ್ರ ಇದು ಹೊತ್ತಿಕೊಂಡು, ದೀಪ ಹೊತ್ತಿದೊಡನೆ ತಾನು ಆರುತ್ತದೆ. ನಮಗೆ ಬೇಕಾದುದು ಯಥಾರ್ಥವಾಗಿ ಇದೇ. ಅದು ಸೆಳೆಯುವ ವಿದ್ಯುತ್ತು ಕಾಲು ವ್ಯಾಟಿಗಿಂತಲೂ ಕಡಮೆ. ವರ್ಷವಿಡೀ ಹಗಲಿರುಳೂ ಉರಿದರೂ ಖರ್ಚು ಎರಡು ಯೂನಿಟ್ಟುಗಳ ಆಸುಪಾಸಿನಲ್ಲಿಯೇ ನಿಲ್ಲುತ್ತದೆ.

ಆದರೆ ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಈ ಎರಡನೆಯ ವಿಧಾನದಲ್ಲಿ ತೊಡಕೊಂದು ಹುಟ್ಟಿದೆ. ಇಂಡಿಕೇಟರಿನ ಮೂಲಕ ಹರಿಯುವ ಅತ್ಯಲ್ಪ ಪ್ರವಾಹವು ಹಳೆಯ ತಂತುದೀಪದ ಮೂಲಕ ನಿರುಪದ್ರವವಾಗಿ ಸಾಗಿಹೋಗುತ್ತಿತ್ತು. ಎಲ್‌ಇಡಿ ಬಲ್ಬಿನೊಳಗಿನ ಕೆಪ್ಯಾಸಿಟರಿನಲ್ಲಾದರೋ ಅದು ಬಿಂದುಬಿಂದುವಾಗಿ ಶೇಖರವಾಗುತ್ತದೆ. ಇದರಿಂದ ಕೆಲವು ಬಲ್ಬುಗಳು ಆರಿಸಿದ ಮೇಲೂ ಮಂಕಾಗಿ ಬೆಳಗುವುದೋ, ಆಗಾಗ್ಗೆ ಮಿಟುಕುವುದೋ ಆಗುತ್ತದೆ. ಅಂಥಲ್ಲಿ ಬೋರ್ಡಿಗೆ ನ್ಯೂಟ್ರಲ್ ತಂತಿಯನ್ನು ತರಿಸಿ, ಇಂಡಿಕೇಟರಿಗೆ ಅದರ ಮೂಲಕವೇ ಪ್ರತ್ಯೇಕವಾಗಿ ವಿದ್ಯುತ್ತನ್ನು ಕೊಡಿಸುವುದು ಪರಿಹಾರ. ಬೋರ್ಡನ್ನು ಬಿಚ್ಚುವ ಈ ಕೆಲಸವನ್ನು ಬಲ್ಲ ಎಲೆಕ್ಟ್ರಿಶಿಯನ್ನರಿಂದಲೇ, ಮೈನ್ ಸ್ವಿಚ್ಚನ್ನು ಆರಿಸಿ ಮಾಡಿಸತಕ್ಕದ್ದು.

ನಿಯಾನ್ ದೀಪದ ಕೊರತೆಯೆಂದರೆ, ಕರೆಂಟು ಹೋದಾಗ ಅದೂ ಹೋಗುತ್ತದೆ. ತಂತಿಯ ಹಂಗಿಲ್ಲದೆ ಹೊಳೆಯುವ ಲೇಪನದ ಉಪಯೋಗವು ಇಲ್ಲಿ ಕಾಣುತ್ತದೆ. ಗಡಿಯಾರದ ಮುಖಕ್ಕೆ ಒಂದು ಕಾಲದಲ್ಲಿ ಬಳಿಯುತ್ತಿದ್ದ ಲೇಪದಲ್ಲಿ ನಿಜವಾದ ರೇಡಿಯಂ ಇರುತ್ತಿತ್ತು. ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿಕೊಳ್ಳುತ್ತ ಆ ಕೆಲಸವನ್ನು ಮಾಡಿದ ಅಮೆರಿಕದ ತರುಣಿಯರು ದವಡೆಯ ಮೂಳೆ ಕೊಳೆತು ಸತ್ತ ದಾರುಣ ವೃತ್ತಾಂತವು 1920ರ ದಶಕದಲ್ಲಿ ಬೆಳಕಿಗೆ ಬಂದಿತು. ಇಂದು ರೇಡಿಯಂ ಸ್ಟಿಕ್ಕರ್ ಎಂದು ನಮ್ಮ ಅಂಗಡಿಗಳಲ್ಲಿ ಮಾರುವ, ಕತ್ತಲೆಯಲ್ಲಿ ಹೊಳೆಯುವ ಪಟ್ಟಿಗಳಲ್ಲಿ ಆ ಧಾತುವಿಲ್ಲ. ಅವು ಬೆಳಕನ್ನು ಹೀರಿಕೊಂಡು ಮೆಲ್ಲನೆ ಮರಳಿಸುವ ವಸ್ತುಗಳಷ್ಟೆ. ಹಳೆಯ ಸತುವಿನ ಸಲ್ಫೈಡಿನ ಹೊಳಪು ಬೇಗನೆ ಕುಂದುತ್ತಿತ್ತು. 1993ರಲ್ಲಿ ಜಪಾನಿನ ನೆಮೊಟೊ ಕಂಪನಿಯವರು ಸಿದ್ಧಪಡಿಸಿದ, ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಬೆರೆತ ಸ್ಟ್ರಾನ್ಷಿಯಂ ಅಲ್ಯುಮಿನೇಟಿನ ಹೊಳಪು ಇಡೀ ರಾತ್ರಿ ಅಷ್ಟಿಷ್ಟಾದರೂ ಉಳಿಯುತ್ತದೆ. ಅದರ ಬಣ್ಣವೂ ದಂಡಕೋಶಗಳಿಗೆ ಪ್ರಿಯವಾದ ಹಸುರು. ಮಲಗುವ ಮುನ್ನ ಕೋಣೆಯಲ್ಲಿ ದೀಪವು ಕೆಲವು ನಿಮಿಷ ಉರಿದಿದ್ದರೆ, ಕತ್ತಲೆಗೆ ಒಗ್ಗಿದ ಕಣ್ಣಿಗೆ ಬೆಳಗಿನ ಜಾವದಲ್ಲಿಯೂ ಅದರ ಅಂಚು ಕಾಣಿಸೀತು. ಹಗಲೆಲ್ಲ ಮುಚ್ಚಿದ್ದು ಬೆಳಕನ್ನೇ ಕಾಣದ ಕೋಣೆಯಲ್ಲಿ ಮಾತ್ರ ಇದು ನಿಷ್ಪ್ರಯೋಜಕ. ಪಟ್ಟಿಯನ್ನು ಫಲಕದ ಸುತ್ತ ಚೌಕಟ್ಟಿನಂತೆ ಅಂಟಿಸುವುದು ಒಳ್ಳೆಯದು. ಗುಂಡಿಯ ಮೇಲೆಯೇ ಅಂಟಿಸಿದರೆ ಬೆರಳಿನ ಜಿಡ್ಡಿಗೆ ಮಾಸಿಹೋಗುತ್ತದೆ.

ದೃಷ್ಟಿ ಮಂದವಾದವರಿಗೂ ದೃಷ್ಟಿಯಿಲ್ಲದವರಿಗೂ ಈ ಹೊಳಪುಗಳಿಂದ ಬಂದ ಭಾಗ್ಯವೇನೂ ಇಲ್ಲ. ಅವರಿಗಾಗಿ, ಮುಖ್ಯವಾದ ಗುಂಡಿಯ ಮೇಲೆ ಬೆರಳಿಗೆ ತಗಲುವಂಥ ಸಣ್ಣ ಉಬ್ಬೊಂದನ್ನು ಅಂಟಿಸಿದರೆ, ಅದು ಮನೆಯವರೆಲ್ಲರಿಗೂ ಉಪಕಾರಿಯಾಗುತ್ತದೆ. ಜನರ ಸುಳಿವನ್ನರಿತು ತಾನಾಗಿಯೇ ಹೊತ್ತುವ ಸೆನ್ಸರ್ ದೀಪಗಳು ಈಗ ಸುಲಭವಾಗಿ ದೊರೆಯುತ್ತವೆ. ದೇಹದ ಶಾಖದಿಂದ ಹೊಮ್ಮುವ ಅವರಕ್ತ ಕಿರಣಗಳ ಚಲನೆಯನ್ನು ಗುರುತಿಸಿ ಅವು ಕೆಲಸ ಮಾಡುತ್ತವೆ. ಮೆಟ್ಟಿಲಿಗೂ ಬಚ್ಚಲಿನ ದಾರಿಗೂ ಅವು ಬಹಳ ಯೋಗ್ಯವಾದುವು. ಆದರೆ ಜೊತೆಯವರು ಹೊರಳಿದಾಗಲೂ ಹೊತ್ತಿಕೊಳ್ಳುವುದರಿಂದ ಮಲಗುವ ಕೋಣೆಗೆ ತಕ್ಕವಲ್ಲ; ಯಂತ್ರವು ಕೆಟ್ಟ ದಿನ ಮತ್ತೆ ಗೋಡೆಯ ಸ್ವಿಚ್ಚೇ ಗತಿಯಾದುದರಿಂದ, ಅದರ ಸ್ಥಳವನ್ನು ಅಲಕ್ಷಿಸುವಂತೆಯೂ ಇಲ್ಲ.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ಪ್ರಾರ್ಥನೆಯಿಷ್ಟು: ಗೋಡೆಯನ್ನು ಕೊರೆದು ಪೈಪು ಹೂಳುವುದಕ್ಕೆ ಮುಂಚೆ, ಎಲೆಕ್ಟ್ರಿಶಿಯನ್ನರನ್ನೂ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಪ್ರತಿಯೊಂದು ಬಾಗಿಲಿನಲ್ಲಿಯೂ ನಿಂತು, ಕಣ್ಣು ಮುಚ್ಚಿ ಕೈ ಚಾಚಿ, ಕೈ ಹೋದಲ್ಲಿಯೇ ಸೀಮೆಸುಣ್ಣದ ಗುರುತನ್ನು ಮಾಡಿಸಿರಿ. ಆಗ ಖರ್ಚಿಲ್ಲದೆ ಆಗುವ ಕೆಲಸವು, ಗಿಲಾವು ಮುಗಿದ ಮೇಲೆ ಗೋಡೆ ಒಡೆಯದೆ ಆಗದು. ಬಾಡಿಗೆಯ ಮನೆಯಲ್ಲಿರುವವರು ಗೋಡೆಯನ್ನು ಬದಲಿಸಲಾರರಾದರೂ, ಕೆಲವು ರೂಪಾಯಿಗಳ ಹೊಳೆಯುವ ಪಟ್ಟಿಯನ್ನು ಅಂಟಿಸಬಲ್ಲರು, ಸಾಕೆಟ್ಟಿಗೆ ರಾತ್ರಿದೀಪವೊಂದನ್ನು ಸಿಕ್ಕಿಸಬಲ್ಲರು. ಎಲ್ಲವನ್ನೂ ಒಮ್ಮೆಗೇ ಮಾಡಲಾಗದವರು, ಮನೆಯ ಹಿರಿಯರು ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯ ಸ್ವಿಚ್ಚೊಂದನ್ನಾದರೂ ಇಂದೇ ಸರಿಪಡಿಸಲಿ.