ಹೂವಿನ ಹೆಸರು, ಹಣ್ಣಿನ ಪಾನಕ

ಕೊರಿಯಾದಲ್ಲಿ ಬೇಸಿಗೆ ನೆತ್ತಿಗೇರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಕರ್ನಾಟಕದಲ್ಲಿ ಮಳೆ ಹಿಡಿದು ಕುಳಿತ ಹೊತ್ತಿಗೆ ಅಲ್ಲಿ ಜನ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಜೂನ್ ಕೊನೆಗೆ ಬರುವ ಮಳೆ ನೆಲವನ್ನು ತೋಯಿಸಿ ಹೋದ ಮೇಲೆ ಬಿಸಿಲು ಕಾಯುತ್ತದೆ. ಹಾಗಾಗಿ ಅದು ಒಣ ಸೆಕೆಯಲ್ಲ, ಮಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಅಂಟು ಸೆಕೆ. ಈ ಅವಧಿಯ ಮೂರು ದಿನಗಳನ್ನು ಪಂಚಾಂಗದಲ್ಲೇ ಗುರುತು ಹಾಕಿ 'ಸಾಂಬೊಕ್' ಎಂದು ಕರೆಯುತ್ತಾರೆ. ಆ ದಿನಗಳಂದು ಕುದಿಯುವ ಕೋಳಿ ಸಾರು ಕುಡಿಯುವುದು ಅಲ್ಲಿನ ಪದ್ಧತಿ. ಶಾಖವನ್ನು ಶಾಖದಿಂದಲೇ ಗೆಲ್ಲಬೇಕು ಎಂಬುದು ಅವರ ವಾದ. ವಾದ ಏನೇ ಇರಲಿ, ಸಾರು ಕುಡಿದು ಬೆವೆತವರು ಮುಂದೆ ಕೈಚಾಚುವುದು ತಣ್ಣಗಿನ ಒಂದು ಬಟ್ಟಲಿಗೆ. ಅದರಲ್ಲಿ ಕಲ್ಲಂಗಡಿಯ ತುಂಡುಗಳು, ಸಿಹಿನೀರು, ಮೇಲೆ ತೇಲುವ ಮಂಜುಗಡ್ಡೆ. ಇದರ ಹೆಸರು ಹ್ವಾಚೆ.

'ಹ್ವಾ' ಎಂದರೆ ಹೂವು, 'ಚೆ' ಎಂದರೆ ಸೊಪ್ಪು ತರಕಾರಿ. ಹಣ್ಣಿನ ಪಾನಕಕ್ಕೆ ಇಂಥ ಹೆಸರೇಕೆ ಎಂದರೆ, ಹಳೆಯ ಹ್ವಾಚೆಗಳಲ್ಲಿ ಹಣ್ಣಿಗಿಂತ ಹೂವಿನ ಎಸಳಿಗೆ ಹೆಚ್ಚು ಮರ್ಯಾದೆ ಇತ್ತು. ಜೇನು ಬೆರೆಸಿದ ನೀರು ಅಥವಾ ಹುಳಿಹಣ್ಣಿನ ಕೆಂಪು ರಸ, ಅದರ ಮೇಲೆ ತೇಲುವ ಎಸಳು, ಹಣ್ಣಿನ ಹೋಳು, ಎರಡು ಮೂರು ಪೈನ್ ಬೀಜ. ಇಷ್ಟಿದ್ದರೆ ಹ್ವಾಚೆ. ಪಾನಕದ ಹಾಗೆ ಒಂದೇ ಗುಟುಕಿಗೆ ಕುಡಿದು ಮುಗಿಸುವಂಥದ್ದಲ್ಲ. ಚಮಚದಲ್ಲಿ ಹೋಳುಗಳನ್ನು ತಿನ್ನಬೇಕು, ಕೊನೆಗೆ ಬಟ್ಟಲೆತ್ತಿ ರಸ ಕುಡಿಯಬೇಕು. ನಮ್ಮ ಕಡೆಯ ರಸಾಯನ ಮತ್ತು ಪಾನಕ ಒಂದೇ ಪಾತ್ರೆಯಲ್ಲಿ ಸೇರಿದರೆ ಹೇಗೋ ಹಾಗೆ ಎಂದುಕೊಳ್ಳಬಹುದು.

1392ರಿಂದ ಐದು ಶತಮಾನ ಕೊರಿಯಾವನ್ನು ಆಳಿದ ಜೋಸನ್ ವಂಶದ ಕಾಲದಲ್ಲಿ ಬೌದ್ಧ ವಿಹಾರಗಳ ಪ್ರಭಾವ ಕುಗ್ಗಿತು. ಅವುಗಳ ಜೊತೆಗೆ ಬೆಳೆದಿದ್ದ ಚಹಾ ಕುಡಿಯುವ ರೂಢಿಯೂ ಇಳಿಮುಖವಾಯಿತು, ಆ ಜಾಗವನ್ನು ಜೇನುನೀರು, ಹಣ್ಣಿನ ನೀರುಗಳು ತುಂಬಿದವು ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದನ್ನು ಪೂರ್ತಿ ಒಪ್ಪುವುದು ಕಷ್ಟ. ಚಹಾ ಇರಲಿ ಬಿಡಲಿ, ಜೇನು, ಹುಳಿಹಣ್ಣು ಮತ್ತು ಬಿಸಿಲು ಇರುವ ಕಡೆ ಯಾರಾದರೂ ಇಂಥದ್ದೊಂದನ್ನು ಕಂಡುಹಿಡಿದೇ ಹಿಡಿಯುತ್ತಾರೆ. ಲಿಖಿತ ದಾಖಲೆಯ ವಿಷಯಕ್ಕೆ ಬಂದರೆ, ಹಾಂಗ್ ಸೋಕ್‌ಮೊ ಎಂಬ ವಿದ್ವಾಂಸ 1849ರಲ್ಲಿ ಬರೆದ 'ದೊಂಗುಕ್ ಸೆಸಿಗಿ' ಎಂಬ ಹಬ್ಬ ಹರಿದಿನಗಳ ಗ್ರಂಥ ಮುಖ್ಯವಾದದ್ದು. ಚಾಂದ್ರಮಾನದ ಮೂರನೆಯ ತಿಂಗಳ ತಿನಿಸುಗಳ ನಡುವೆ ಆತ ಒಂದು ಪಾಕ ಹೇಳುತ್ತಾನೆ. ಹೆಸರುಕಾಳಿನ ಹಿಟ್ಟನ್ನು ಕಲಸಿ ಬೇಯಿಸಿ, ಸಣ್ಣ ಎಳೆಗಳಾಗಿ ಕತ್ತರಿಸಿ, ಓಮಿಜಾ ಹಣ್ಣಿನ ರಸದಲ್ಲಿ ತೇಲಿಬಿಟ್ಟು, ಜೇನು ಮತ್ತು ಪೈನ್ ಬೀಜ ಹಾಕುವುದು. ಶಾವಿಗೆಯಂಥ ಈ ಹ್ವಾಚೆಗೆ ಹೂವಿನ ಶಾವಿಗೆ ಎಂದೇ ಹೆಸರು.

ಓಮಿಜಾ ಎಂದರೆ ಐದು ರುಚಿಯ ಹಣ್ಣು. ಸಿಹಿ, ಹುಳಿ, ಉಪ್ಪು, ಕಹಿ, ಖಾರ ಐದೂ ಒಂದೇ ಕಾಳಿನಲ್ಲಿವೆ ಎನ್ನುತ್ತಾರೆ. ಬಳ್ಳಿಯಲ್ಲಿ ಗೊಂಚಲಾಗಿ ಬಿಡುವ ಈ ಕೆಂಪು ಹಣ್ಣನ್ನು ಒಣಗಿಸಿಟ್ಟು ವರ್ಷವಿಡೀ ಬಳಸುತ್ತಾರೆ. ಇದಕ್ಕೊಂದು ಗುಟ್ಟಿದೆ. ಕುದಿಸಬಾರದು. ಕುದಿಸಿದರೆ ಬೀಜದ ಕಹಿ, ಒಗರು ನೀರಿಗಿಳಿದು ರುಚಿ ಕೆಡುತ್ತದೆ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬೆಳಗಾಗುವಷ್ಟರಲ್ಲಿ ಮಾಣಿಕ್ಯದ ಬಣ್ಣದ ನೀರು ಸಿದ್ಧ.

ವಸಂತದ ಮೂರನೆಯ ತಿಂಗಳ ಮೂರನೆಯ ದಿನ ಬೆಟ್ಟಗಳಲ್ಲಿ ಅರಳುವ ಜಿಂದಲ್ಲೆ ಎಂಬ ಗುಲಾಬಿ ಬಣ್ಣದ ಹೂವನ್ನು ಈ ಕೆಂಪು ನೀರಿಗೆ ಹಾಕುತ್ತಾರೆ. ಹಾಗೆಯೇ ಹಾಕಿದರೆ ಎಸಳು ಮುದುಡಿ ಹೋಗುತ್ತದೆ. ಅದಕ್ಕೆ ಕೇಸರಗಳನ್ನು ಕಿತ್ತು, ಎಸಳಿಗೆ ಹೆಸರುಕಾಳಿನ ಪಿಷ್ಟ ಸವರಿ, ಕುದಿನೀರಿನಲ್ಲಿ ಒಮ್ಮೆ ಅದ್ದಿ ತಣ್ಣೀರಿಗೆ ಹಾಕುವುದು ಪದ್ಧತಿ. ಪಿಷ್ಟ ಗಾಜಿನಂತೆ ತಿಳಿಯಾದ ಪದರವಾಗಿ ಎಸಳನ್ನು ಕಾಯುತ್ತದೆ. ಆದರೆ ಅದೇ ಬೆಟ್ಟದಲ್ಲಿ ನೋಡಲು ಹೆಚ್ಚುಕಡಿಮೆ ಅದೇ ರೀತಿಯ ಚೋಲ್‌ಚುಕ್ ಎಂಬ ಹೂವೂ ಅರಳುತ್ತದೆ. ಅದು ವಿಷ. ಜಿಂದಲ್ಲೆ ಎಲೆ ಚಿಗುರುವ ಮೊದಲೇ ಬರಿಗೊಂಬೆಯಲ್ಲಿ ಹೂ ಬಿಡುತ್ತದೆ, ಚೋಲ್‌ಚುಕ್ ಎಲೆಯ ಜೊತೆಗೆ ಅರಳುತ್ತದೆ. ಹಳ್ಳಿಯ ಮಕ್ಕಳಿಗೂ ಈ ವ್ಯತ್ಯಾಸ ಗೊತ್ತಿರಬೇಕಾಗಿತ್ತು. ಹೂವಿನ ಹ್ವಾಚೆಯ ಚಿತ್ರ ನೋಡಿ ತೋಟದ ಅಲಂಕಾರದ ಹೂವನ್ನು ಕಿತ್ತು ಬಟ್ಟಲಿಗೆ ಹಾಕುವ ಉತ್ಸಾಹ ಯಾರಿಗಾದರೂ ಬಂದರೆ ಈ ಮಾತು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆರನೆಯ ತಿಂಗಳ ಹುಣ್ಣಿಮೆ ಯೂದು ಹಬ್ಬ. ಅಂದು ಪೂರ್ವಕ್ಕೆ ಹರಿಯುವ ತೊರೆಯಲ್ಲಿ ತಲೆ ತೊಳೆದುಕೊಂಡು, ಜೇನುನೀರಿನಲ್ಲಿ ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳನ್ನು ಹಾಕಿ ತಿನ್ನುವುದು. ಶರತ್ಕಾಲಕ್ಕೆ ಯೂಜಾ ಎಂಬ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯನ್ನು ಎಳೆ ಎಳೆಯಾಗಿ ಕತ್ತರಿಸಿ, ಪೇರ್ ಹಣ್ಣಿನ ಎಳೆಗಳೊಂದಿಗೆ ದಾಳಿಂಬೆ ಕಾಳು ಉದುರಿಸುವುದು. ಚಳಿ ಬಂದಾಗ ಬೇಸುಕ್. ಪೇರ್ ಹೋಳುಗಳಿಗೆ ಇಡೀ ಕಾಳುಮೆಣಸು ಚುಚ್ಚಿ, ಶುಂಠಿ ನೀರಿನಲ್ಲಿ ಬೇಯಿಸಿ, ಜೇನು ಬೆರೆಸಿ ಆರಿಸುತ್ತಾರೆ. ಈ ಕಾಳುಮೆಣಸಿನ ಬಳ್ಳಿಯ ತವರು ಪಶ್ಚಿಮ ಘಟ್ಟ. ಕೊರಿಯಾಕ್ಕೆ ಅದು ದಕ್ಷಿಣ ಸಮುದ್ರದ ಕಡೆಯಿಂದ ಜಪಾನಿ ವ್ಯಾಪಾರಿಗಳ ಕೈದಾಟಿ ಬರುತ್ತಿತ್ತು, ಬೆಲೆ ವಿಪರೀತ. 15ನೇ ಶತಮಾನದ ಕೊನೆಯಲ್ಲಿ ರಾಜ ಸೊಂಗ್‌ಜೊಂಗ್ ಮೆಣಸಿನ ಬದಲು ಅದರ ಬೀಜವನ್ನೇ ತಂದುಕೊಡಿ ಎಂದು ಜಪಾನಿಯರಿಗೆ ಮತ್ತೆ ಮತ್ತೆ ಹೇಳಿಕಳಿಸಿದ. ಬೀಜ ಬರಲಿಲ್ಲ. ಬಂದಿದ್ದರೂ ಅಲ್ಲಿನ ಹಿಮದಲ್ಲಿ ಬಳ್ಳಿ ಬದುಕುತ್ತಿರಲಿಲ್ಲ, ಆ ಮಾತು ಬೇರೆ.

ಈಗ ಹ್ವಾಚೆ ಎಂದರೆ ಎಲ್ಲರ ಕಣ್ಣಮುಂದೆ ಬರುವುದು ಕಲ್ಲಂಗಡಿ. ಅದಕ್ಕೂ ಒಂದು ಕಥೆಯಿದೆ. ಹೊ ಗ್ಯುನ್ ಎಂಬ ಸಾಹಿತಿ 1611ರಲ್ಲಿ ಊಟ ತಿಂಡಿಗಳ ಬಗ್ಗೆ ಬರೆದ ಪುಸ್ತಕದ ಪ್ರಕಾರ, ಈ ಬಳ್ಳಿಯನ್ನು ಕೊರಿಯಾದಲ್ಲಿ ಮೊದಲು ನೆಟ್ಟವನು 13ನೇ ಶತಮಾನದ ಹಾಂಗ್ ದಾಗು, ನೆಟ್ಟದ್ದು ಕೇಸಾಂಗ್ ನಗರದಲ್ಲಿ. ಈತ ಮಂಗೋಲರ ಕಡೆ ಸೇರಿ ತನ್ನ ನಾಡಿನ ಮೇಲೆಯೇ ದಂಡೆತ್ತಿ ಬಂದವನು. ಹಣ್ಣು ಎಷ್ಟು ಅಪರೂಪವಾಗಿತ್ತೆಂದರೆ, 1423ರಲ್ಲಿ ಅರಮನೆಯ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಒಬ್ಬ ಸೇವಕ ಕಲ್ಲಂಗಡಿ ಕದ್ದುದಕ್ಕೆ ನೂರು ಏಟು ತಿಂದು ಗಡೀಪಾರಾದ ಸಂಗತಿ ರಾಜವಂಶದ ದಿನಚರಿಯಲ್ಲಿ ದಾಖಲಾಗಿದೆ. ಆಗ ಸಿಂಹಾಸನದ ಮೇಲಿದ್ದವನು ಸೆಜೋಂಗ್. ಇಪ್ಪತ್ತು ವರ್ಷಗಳ ನಂತರ ಸಾಮಾನ್ಯ ಜನರೂ ಓದಿ ಬರೆಯಲಿ ಎಂದು ಹಂಗುಲ್ ಲಿಪಿ ರೂಪಿಸಿದ, ಪ್ರಜೆಗಳ ಪ್ರೀತಿಗೆ ಪಾತ್ರನಾದ ರಾಜ.

ಹಣ್ಣಿನ ಬೆಲೆ ಇಷ್ಟಾದರೆ ಅದನ್ನು ತಣ್ಣಗೆ ಮಾಡುವ ಮಂಜುಗಡ್ಡೆಯದು ಇನ್ನೊಂದು ಬಗೆಯ ಬೆಲೆ. ಮಂಜುಗಡ್ಡೆ ಕೂಡಿಡುವಂತೆ ಸಿಲ್ಲಾ ರಾಜ್ಯದ ಅರಸ 505ರಲ್ಲೇ ಆಜ್ಞೆ ಹೊರಡಿಸಿದ್ದ. ಜೋಸನ್ ಅರಸರು ರಾಜಧಾನಿಯ ಹಾನ್ ನದಿಯ ದಂಡೆಯಲ್ಲಿ 1396ರಲ್ಲಿ ಎರಡು ಕಣಜ ಕಟ್ಟಿಸಿದರು. ಪೂರ್ವದ ಕಣಜದ್ದು ರಾಜವಂಶದ ಪಿತೃಪೂಜೆಗೆ. ಪಶ್ಚಿಮದ್ದು ಅದಕ್ಕಿಂತ ದೊಡ್ಡದು, ಅರಮನೆಯ ಅಡುಗೆಗೆ ಮತ್ತು ಅಧಿಕಾರಿಗಳಿಗೆ ಹಂಚಲು. ಅವು ಮರದ ಕಟ್ಟಡಗಳಾದ್ದರಿಂದ ಈಗ ಉಳಿದಿಲ್ಲ. ಪಶ್ಚಿಮ ಕಣಜದ ಹೆಸರು ಮಾತ್ರ ಸೊಬಿಂಗೊ ಎಂಬ ಸೋಲ್ ನಗರದ ಬಡಾವಣೆಗೂ ರೈಲು ನಿಲ್ದಾಣಕ್ಕೂ ಉಳಿದುಕೊಂಡಿದೆ. ಇಂಥ ಕಣಜ ಹೇಗಿರುತ್ತಿತ್ತು ಎಂದು ನೋಡಬೇಕಾದರೆ ಗ್ಯೊಂಗ್‌ಜು ನಗರಕ್ಕೆ ಹೋಗಬೇಕು. ಅಲ್ಲಿ 1738ರಲ್ಲಿ ಕಟ್ಟಿದ ಕಲ್ಲಿನ ಕಣಜವಿದೆ. ಅರ್ಧ ನೆಲದೊಳಗೆ ಹುದುಗಿದ ಕಮಾನು ಚಾವಣಿ, ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಬಿಸಿಗಾಳಿ ಮೇಲೇರಿ ಹೊರಹೋಗಲು ಚಾವಣಿಯಲ್ಲಿ ಗಾಳಿಗಂಡಿಗಳು, ಕರಗಿದ ನೀರು ನಿಲ್ಲದೆ ಹರಿದುಹೋಗಲು ಇಳಿಜಾರು ನೆಲ. ನಿಂತ ನೀರು ಗಾಳಿಗಿಂತ ಬೇಗ ಮಂಜುಗಡ್ಡೆಯನ್ನು ಕರಗಿಸುತ್ತದೆ ಎಂಬುದು ಕಟ್ಟಿದವರಿಗೆ ತಿಳಿದಿತ್ತು. ಗಡ್ಡೆಗಳ ಮೇಲೂ ನಡುವೆಯೂ ಹುಲ್ಲು ಹೊದಿಸುತ್ತಿದ್ದರು.

1485ರ ಕಾನೂನು ಸಂಹಿತೆಯಲ್ಲಿ ಈ ಮಂಜುಗಡ್ಡೆ ಯಾರಿಗೆ ಸಲ್ಲಬೇಕು ಎಂಬ ಪಟ್ಟಿಯಿದೆ. ಅಧಿಕಾರಿಗಳು, ನಿವೃತ್ತರಾದ ಹಿರಿಯರ ಜೊತೆಗೆ ಬಡರೋಗಿಗಳ ಆಸ್ಪತ್ರೆಯಲ್ಲಿದ್ದವರು ಮತ್ತು ಸೆರೆಮನೆಯ ಕೈದಿಗಳೂ ಅದರಲ್ಲಿದ್ದಾರೆ. ಐದು ಶತಮಾನದ ಹಿಂದೆ ಬೇಸಿಗೆಯಲ್ಲಿ ಕೈದಿಗೆ ಮಂಜುಗಡ್ಡೆ ಕೊಡಬೇಕು ಎಂದು ಬರೆದಿಟ್ಟ ಸರ್ಕಾರ ಮೆಚ್ಚಬೇಕಾದದ್ದೇ.

ಪಟ್ಟಿಯಲ್ಲಿ ಇಲ್ಲದವರು ಅದನ್ನು ಕಡಿದು ತಂದವರು. ನದಿ ಸುಮಾರು 12 ಸೆಂಟಿಮೀಟರ್ ದಪ್ಪಕ್ಕೆ ಹೆಪ್ಪುಗಟ್ಟಿದ ಮೇಲೆ ಕೆಲಸ ಶುರುವಾಗುತ್ತಿತ್ತು. ಅಂದರೆ ವರ್ಷದಲ್ಲೇ ಅತಿ ಕೊರೆಯುವ ದಿನಗಳಲ್ಲಿ. ನದಿದಂಡೆಯ ಹಳ್ಳಿಗಳ ಗಂಡಸರು ಬಿಟ್ಟಿ ದುಡಿಮೆಗೆ ಬರಬೇಕು. ಕೂಲಿ ಇಲ್ಲ, ಬೆಚ್ಚನೆಯ ಬಟ್ಟೆ ಇಲ್ಲ, ಕಾಲು ಜಾರಿದರೆ ಕೆಳಗೆ ಹರಿಯುವ ನೀರು. ಈ ಕೆಲಸಕ್ಕೆ ಹೆದರಿ ಚಳಿಗಾಲ ಬರುತ್ತಲೇ ಊರು ಬಿಟ್ಟು ಓಡಿಹೋಗುವವರು ಇದ್ದರಂತೆ. ಹಾಗೆ ಒಂಟಿಯಾಗಿ ಉಳಿದ ಹೆಂಗಸರಿಗೆ 'ಮಂಜಿನ ಕಣಜದ ವಿಧವೆಯರು' ಎಂಬ ಹೆಸರೇ ಬಿದ್ದಿತ್ತು. 1651ರಿಂದ 1708ರವರೆಗೆ ಬದುಕಿದ್ದ ಕಿಮ್ ಚಾಂಗ್‌ಹ್ಯೊಪ್ ಎಂಬ ಕವಿ ಮಂಜುಗಡ್ಡೆ ಕಡಿಯುವವರ ಬಗ್ಗೆಯೇ ಒಂದು ಪದ್ಯ ಬರೆದ. ಚಳಿಯಲ್ಲಿ ಅರೆಬಟ್ಟೆಯಲ್ಲಿ ದುಡಿದವರನ್ನೂ ಬೇಸಿಗೆಯಲ್ಲಿ ತಣ್ಣಗೆ ಕುಳಿತ ಸಿರಿವಂತರನ್ನೂ ಎದುರುಬದುರು ನಿಲ್ಲಿಸಿದ ಪದ್ಯವದು. ಕವಿ ಸ್ವತಃ ಮೇಲುವರ್ಗದ ದೊಡ್ಡ ಮನೆತನದವನು. ಅಂಥ ಮನೆಗಳಲ್ಲೇ ಹ್ವಾಚೆ ಬಟ್ಟಲುಗಳು ತುಂಬುತ್ತಿದ್ದುದು.

18ನೇ ಶತಮಾನದಲ್ಲಿ ಖಾಸಗಿ ಕಣಜಗಳು ಹುಟ್ಟಿಕೊಂಡು, ಮೀನು ಮತ್ತು ಮಾಂಸದ ವ್ಯಾಪಾರಕ್ಕೆ ಮಂಜುಗಡ್ಡೆ ಮಾರಾಟವಾಗತೊಡಗಿತು. ಮುಂದೆ ಕಾರ್ಖಾನೆಯ ಐಸ್ ಬಂತು. ಫ್ರಿಜ್ ಮನೆಮನೆಗೆ ಬರುವ ಮೊದಲಿನ ದಶಕಗಳಲ್ಲಿ ಮಕ್ಕಳು ಅಂಗಡಿಗೆ ಓಡಿ ಹಗ್ಗ ಕಟ್ಟಿದ ಐಸ್ ತುಂಡು ತರುತ್ತಿದ್ದರು. ದಪ್ಪ ಸೂಜಿ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಗಡ್ಡೆ ಸೀಳುತ್ತಿತ್ತು. ಒಂದು ಕಲ್ಲಂಗಡಿ ಹತ್ತು ಜನರಿಗೆ ಸಾಲದೆ ಹೋದಾಗ ನೀರು, ಸಕ್ಕರೆ, ಐಸ್ ಸೇರಿಸಿ ಹ್ವಾಚೆ ಮಾಡಿದರೆ ಎಲ್ಲರಿಗೂ ಒಂದೊಂದು ಬಟ್ಟಲು ಬರುತ್ತಿತ್ತು. ಅರಮನೆಯ ತಿನಿಸು ಬಡತನದ ಲೆಕ್ಕಾಚಾರವಾಗಿ ಬದಲಾದದ್ದು ಹೀಗೆ. 1950ರ ಮೇ ತಿಂಗಳಲ್ಲಿ, ಕೊರಿಯಾ ಯುದ್ಧ ಆರಂಭವಾಗುವ ಕೆಲವೇ ವಾರಗಳ ಮುಂಚೆ, ಚಿಲ್‌ಸಂಗ್ ಸೈಡರ್ ಎಂಬ ನಿಂಬೆ ರುಚಿಯ ಸೋಡಾ ಮಾರುಕಟ್ಟೆಗೆ ಬಂದಿತ್ತು. ಜೇನುನೀರಿನ ಜಾಗದಲ್ಲಿ ಕ್ರಮೇಣ ಇಂಥ ಸೋಡಾ ಬಂದು ಕೂತಿತು. ಆಮೇಲೆ ಡಬ್ಬಿಯ ಹಣ್ಣು, ಹಾಲು, ಗಟ್ಟಿಹಾಲು ಕೂಡ.

ಮನೆಯಲ್ಲಿ ಮಾಡಲು ಹೆಚ್ಚಿನ ಸಾಹಸವೇನೂ ಬೇಕಿಲ್ಲ. ಮೂರು ಕಿಲೋ ತೂಗುವ ಕಲ್ಲಂಗಡಿಯನ್ನು ಇಡಿಯಾಗಿ ಐದಾರು ಗಂಟೆ ಫ್ರಿಜ್‌ನಲ್ಲಿಡಿ. ಕತ್ತರಿಸಿದ ಮೇಲೆ ತಣ್ಣಗೆ ಮಾಡುವುದಕ್ಕಿಂತ ಇದು ಮೇಲು, ಹಣ್ಣು ನೀರು ಬಿಡುವುದಿಲ್ಲ. ಅಡ್ಡಲಾಗಿ ಎರಡು ಹೋಳು ಮಾಡಿ, ದುಂಡು ಚಮಚದಿಂದ ತಿರುಳನ್ನು ಉಂಡೆಗಳಂತೆ ತೋಡಿ ತೆಗೆಯಿರಿ. ಖಾಲಿಯಾದ ಸಿಪ್ಪೆಯೇ ಪಾತ್ರೆ. ಉಂಡೆಯಾಗದ ಚೂರುಗಳನ್ನು ಹಿಸುಕಿ ಸೋಸಿ ರಸ ತೆಗೆಯಿರಿ. ಉಂಡೆಗಳ ಮೇಲೆ ಮೂರು ಚಮಚ ಸಕ್ಕರೆ, ಚಿಟಿಕೆ ಉಪ್ಪು ಉದುರಿಸಿ ಕಾಲು ಗಂಟೆ ಬಿಟ್ಟರೆ ಸಕ್ಕರೆ ಹಣ್ಣಿನ ರಸವನ್ನು ಹೊರಗೆಳೆಯುತ್ತದೆ. ಆ ರಸವೇ ಪಾನಕದ ಜೀವ. ಜೊತೆಗೆ ಸೇಬು, ದ್ರಾಕ್ಷಿ, ದಾಳಿಂಬೆ ಇರಲಿ. ಬಾಳೆಹಣ್ಣು ಬೇಡ, ಕಪ್ಪಾಗುತ್ತದೆ.

ನೀರಿನ ವಿಷಯದಲ್ಲಿ ಎರಡು ದಾರಿಗಳಿವೆ. ಹಳೆಯ ದಾರಿಗೆ ಓಮಿಜಾ ಬೇಕು. ಒಣ ಹಣ್ಣು ಸಿಕ್ಕರೆ 50 ಗ್ರಾಂ ತೊಳೆದು, ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಜೇನು ಬೆರೆಸಿದರಾಯಿತು. ಸಿಗದಿದ್ದರೆ ಪುನರ್ಪುಳಿಯ ಒಣ ಸಿಪ್ಪೆ ನೆನೆಸಿದ ನೀರು ಸಾಕಷ್ಟು ಹತ್ತಿರ ಬರುತ್ತದೆ. ಬಣ್ಣವೂ ಕೆಂಪು, ಹುಳಿಯೂ ಹದ. ಉಪ್ಪು ಹಾಕಿ ಒಣಗಿಸಿದ್ದನ್ನು ಮಾತ್ರ ತರಬಾರದು. ಹೊಸ ದಾರಿಯೆಂದರೆ ಅರ್ಧ ಲೀಟರ್ ನಿಂಬೆ ಸೋಡಾ. ಅದು ಚೆನ್ನಾಗಿ ತಣ್ಣಗಿರಬೇಕು, ಬಡಿಸುವ ಹೊತ್ತಿಗೆ ಪಾತ್ರೆಯ ಅಂಚಿನಿಂದ ನಿಧಾನವಾಗಿ ಸುರಿಯಬೇಕು. ಬೆಚ್ಚಗಿನ ಸೋಡಾದಲ್ಲಿ ಅನಿಲ ನಿಲ್ಲುವುದಿಲ್ಲ. ಈಚಿನ ವರ್ಷಗಳಲ್ಲಿ ಯುವಜನರು ಮೆಚ್ಚಿಕೊಂಡಿರುವ ಹಾಲಿನ ಹ್ವಾಚೆಗೆ ಒಂದು ಲೋಟ ತಣ್ಣನೆಯ ಹಾಲು, ಎರಡು ಚಮಚ ಗಟ್ಟಿಹಾಲು ಸೇರಿಸಿ ಮೇಲೆ ಸೋಡಾ ಹಾಕುತ್ತಾರೆ. ಹುಳಿ ಸೋಡಾಕ್ಕೆ ಹಾಲು ಒಡೆಯುವ ಸಂಭವವಿರುವುದರಿಂದ ಕೂಡಲೇ ಕುಡಿಯಬೇಕು. ಹಾಲು ಹಾಕಿದ್ದಕ್ಕೆ ಹಸಿ ಅನಾನಸು ಸೇರಿಸಿದರೆ ಕಹಿಯಾಗುತ್ತದೆ. ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಮುರಿಯುತ್ತದೆ. ಐಸ್ ಕುದಿಸಿ ಆರಿಸಿದ ನೀರಿನದ್ದೇ ಆಗಿರಲಿ.

ನಾಲ್ಕು ಜನರಿಗೆ ಧಾರಾಳವಾಗಿ ಸಾಲುವ ಈ ಪ್ರಮಾಣ ಮಾಡಿದ ದಿನವೇ ಖಾಲಿಯಾಗಬೇಕು, ಮರುದಿನಕ್ಕೆ ಉಳಿಯುವ ಪದಾರ್ಥವಲ್ಲ. ಪಾತ್ರೆಯಾಗಿದ್ದ ಸಿಪ್ಪೆಯನ್ನು ಕೊರಿಯಾದ ಗೃಹಿಣಿಯರು ಎಸೆಯುವುದಿಲ್ಲ. ಹಸಿರು ಹೆರೆದು, ಒಳಗಿನ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿ, ಉಪ್ಪು ಮತ್ತು ಮೆಣಸಿನ ಪುಡಿ ಕಲಸಿ ಊಟಕ್ಕೆ ನೆಂಚಿಕೊಳ್ಳುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಅದೇ ಬಿಳಿ ಭಾಗ ಅಕ್ಕಿಯ ಜೊತೆ ರುಬ್ಬಿ ದೋಸೆಯಾಗುತ್ತದೆ.